ರೊಮ್ಮು ನೊಪ್ಪಿ

ಮೊನ್ನೆ ಮಂಡಿನೋವಿನ ಮಾತ್ರೆಯ ಡಬ್ಬಿ ತೆಗೆದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಆಸ್ಪಿರಿನ್ ಮಾತ್ರೆಗೆ ತೇವ ತಾಗಿದರೆ ಹಾಗೆಯೇ. ನನ್ನಂಥ ಮುದುಕಿಯರ ಮನೆಯಲ್ಲಿ ನೀವೂ ಮೂಸಿರುತ್ತೀರಿ. ನನಗೆ ಆ ವಾಸನೆ ಎಂದರೆ ನಮ್ಮತ್ತೆ.

ಸಾವಿರದ ಒಂಬೈನೂರ ನಲವತ್ತರ ದಶಕ. ನಾನು ಹೊಸೂರಿನ ಹತ್ತಿರದ ಕೆಲಮಂಗಲಕ್ಕೆ ಸೊಸೆಯಾಗಿ ಬಂದ ಹೊಸತು. ಅತ್ತೆಗೆ ಅರವತ್ತು ದಾಟಿತ್ತು. ಮಂಡಿನೋವಿಗೆ ಆಸ್ಪತ್ರೆಯಿಂದ ಈ ಮಾತ್ರೆ ತಂದು ನುಂಗುತ್ತಿದ್ದರು. ಡಾಕ್ಟರು ತಂಜಾವೂರಿನ ಕಡೆಯವರು, ತಮಿಳು ಬಿಟ್ಟರೆ ನಮ್ಮ ಕಡೆಯ ಬೇರೆ ಭಾಷೆ ಬಾರದು. ರೋಗಿಗಳಿಂದ ಕಲಿತ ಒಂದೇ ತೆಲುಗು ಮಾತು 'ನೊಪ್ಪಿ', ಅಂದರೆ ನೋವು. ಕನ್ನಡ, ತೆಲುಗು, ತಮಿಳು ಮೂರೂ ಆಡುವ ನಮ್ಮ ಸೀಮೆಯಲ್ಲಿ ಒಂದು ಅನುಕೂಲವುಂಟು: ಸ್ವಂತ ಭಾಷೆಯಲ್ಲಿ ಆಡಲು ನಾಚಿಕೆಯಾದರೆ ಪಕ್ಕದ ಭಾಷೆಯಲ್ಲಿ ಆಡಿಬಿಡುತ್ತೇವೆ. ಬೈಗುಳಕ್ಕೆ ನಾನೂ ತಮಿಳನ್ನೇ ನಂಬಿದವಳು.

ಒಂದು ದಿನ ಅತ್ತೆ ಆಸ್ಪತ್ರೆಯಿಂದ ಗೆಲುವಾಗಿ ಬಂದರು. ಕೈಯಲ್ಲಿ ಎಂದಿಗಿಂತ ಹೆಚ್ಚು ಮಾತ್ರೆ.

"ಒಳ್ಳೇ ಮನ್ಸ ಕಣಮ್ಮಿ. ಒಂದು ಮಾತಂದೆ, ತಿರುಗಿ ಏನೂ ಕೇಳ್ನಿಲ್ಲ."

ಆ ಮಾತೇನೆಂದು ನನಗೆ ಹೇಳಲಿಲ್ಲ. ಕೆಲವು ತಿಂಗಳ ಮೇಲೆ ಎಣ್ಣೆನೀರು ಹಾಕುವಾಗ ಅವರ ಮೊಲೆಯಲ್ಲೊಂದು ಗಟ್ಟಿ ಗಂಟು ನನ್ನ ಕೈಗೆ ತಗುಲಿತು.

"ಇದನ್ನ ತೋರಿಸ್ಲಿಲ್ವಾ ಅತ್ತೆ?"

"ರೊಮ್ಮು ನೊಪ್ಪಿ ಅಂದೆ. ಅದಕ್ಕೇ ಅಲ್ವಾ ಮಾತ್ರೆ ಜಾಸ್ತಿ ಕೊಟ್ಟಿದ್ದು? ನೋವೂ ಕಮ್ಮಿ ಆಗೈತೆ."

ರೊಮ್ಮು ಎಂದರೆ ತೆಲುಗಿನಲ್ಲಿ ಮೊಲೆ. ಮರುದಿನ ನಾನೂ ಜೊತೆಗೆ ಹೋದೆ. ಅತ್ತೆ ತಲೆ ತಗ್ಗಿಸಿ ಅದೇ ಮಾತು ಆಡಿದರು. "ರೊಂಬ ನೊಪ್ಪಿ, ತೆರಿಯುಂ," ಗೊತ್ತು ಗೊತ್ತು ಎಂದು ಡಾಕ್ಟರು ಕನಿಕರದಿಂದ ಮಂಡಿ ಒತ್ತಿ ನೋಡಿ ಚೀಟಿ ಬರೆಯತೊಡಗಿದರು. ರೊಂಬ ಎಂದರೆ ತಮಿಳಿನಲ್ಲಿ ತುಂಬ. ಇಷ್ಟು ದಿನ ಅವರಿಗೆ ಕೇಳಿಸಿದ್ದು 'ತುಂಬ ನೋವು'.

"ಮಂಡಿ ಅಲ್ಲ ಸಾರ್, ಮೊಲೆ," ಎಂದು ನನ್ನದನ್ನೇ ಮುಟ್ಟಿ ತೋರಿಸಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

ಬೆಂಗಳೂರಿಗೆ ಕಳಿಸಿದರು. ಅಲ್ಲಿಯವರು ಕಾಲ ಮೀರಿದೆ ಎಂದರು. ಅತ್ತೆ ಕೊರಗಿದ್ದು ಕಾಯಿಲೆಗಲ್ಲ. "ಅಷ್ಟು ಜನದ ಮುಂದೆ ಅಂದ್ಬುಟ್ಯಲ್ಲಮ್ಮಿ," ಎಂದು ಸಾಯುವವರೆಗೂ ಗೊಣಗಿದರು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಯಾರ ಮೇಲೆಂದು ಇಂದಿಗೂ ಹೇಳಲಾರೆ.

ಇಂಥ ಮಾತ್ರೆಗಳಿಂದ ವಯಸ್ಸಾದ ಹೆಂಗಸರ ಮೊಲೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಈಗ ಪರೀಕ್ಷೆ ಮಾಡುತ್ತಿದ್ದಾರಂತೆ. ತಿಳಿದವರು ಹೇಳಲಿ. ನಾನು ಈ ದಿನ ಹೊಸೂರಿನ ಡಾಕ್ಟರ ಹತ್ತಿರ ಹೋಗಿದ್ದೆ. ಮೊಮ್ಮಗನ ವಯಸ್ಸಿನವನು, ಕನ್ನಡದವನೇ.

"ಮಂಡಿ ಇರ್ಲಪ್ಪ, ನನ್ನ ಮೊಲೆ ಒಂದ್ಸಲ ಪರೀಕ್ಷೆ ಮಾಡ್ಸು," ಎಂದೆ.

ಅವನು ಕೆಂಪಗಾಗಿ ಮೇಜಿನ ಕಡೆಗೆ ಬಾಗಿದ. "ಎದೆನೋವಾ ಅಜ್ಜಿ?"

"ಮೊಲೆ," ಎಂದೆ, ಹೊರಗೆ ಕೂತವರಿಗೂ ಕೇಳುವ ಹಾಗೆ.