ನಾಲ್ಕು ಕೆಲಸ, ನಾಲ್ಕು ಮುಡಿ

ನನ್ನ ಹತ್ತಿರ ಬಾಚಣಿಗೆ ಇರಲಿಲ್ಲ. ಬೇಕಾಗಿಯೇ ಇರಲಿಲ್ಲ. ನನಗೊಂದು ಕೆಲಸ ಸಿಗಲಿ ಅಂತ ಅವ್ವ ಪ್ರತಿ ಸಲವೂ ಮಾದಪ್ಪನಿಗೆ ಹರಕೆ ಹೊರುತ್ತಾಳೆ. ಕೆಲಸ ಸಿಕ್ಕ ವಾರದಲ್ಲೇ ನಾನು ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರುತ್ತೇನೆ. ಕೂದಲು ಬಾಚುವಷ್ಟು ಬೆಳೆಯುವ ಹೊತ್ತಿಗೆ ಆ ಕೆಲಸದಲ್ಲಿ ನಾನಿರುವುದಿಲ್ಲ.

ಮೊದಲನೆಯದು ಕೊಳ್ಳೇಗಾಲದ ಮೊಬೈಲ್ ಅಂಗಡಿ. ವಿಡಿಯೊ ನೋಡಿಯೇ ಡಿಸ್‌ಪ್ಲೇ ಬದಲಿಸುವುದು ಕಲಿತಿದ್ದೆ. ಮೂರು ತಿಂಗಳಿಗೆ ಎಲ್ಲವೂ ಗೊತ್ತಾಗಿಬಿಟ್ಟಿತು ಅನ್ನಿಸಿತು. ಹನೂರಿಗೆ ಹೋಗಿ ಸಿಸಿ ಕ್ಯಾಮೆರಾ ಕೂರಿಸಿದೆ. ಅಲ್ಲೂ ಎಲ್ಲವೂ ಗೊತ್ತಾಯಿತು. ಆಮೇಲೆ ಯಳಂದೂರಿನಲ್ಲಿ ಸೋಲಾರ್ ಹೀಟರ್. ಅಲ್ಲಂತೂ ಒಂದೂವರೆ ತಿಂಗಳಿಗೇ ಗೊತ್ತಾಯಿತು. ನಾನು ಪೈಪು ಜೋಡಿಸಿದ್ದ ಅಗರದ ಮನೆಯೊಂದರಲ್ಲಿ ಬಿಸಿನೀರು ಅಡುಗೆಮನೆಯ ಸೂರಿನಿಂದ ಬಂತಂತೆ. ಅಷ್ಟರಲ್ಲಿ ಕೆಲಸ ಬಿಟ್ಟಿದ್ದೆ.

ನಾಲ್ಕನೆಯದು ಮತ್ತೆ ಕೊಳ್ಳೇಗಾಲ. ಸುಟ್ಟುಹೋದ ಬೋರ್‌ವೆಲ್ ಮೋಟರಿನ ತಂತಿ ಬಿಚ್ಚಿ ಹೊಸದು ಸುತ್ತುವ ಅಂಗಡಿ. ಮಾಲೀಕರು ನನ್ನ ಬೋಳುತಲೆ ನೋಡಿ ನಕ್ಕರು.

"ಕೂದ್ಲು ಬರೋದ್ರೊಳಗೆ ಕೆಲ್ಸ ಬುಟ್ಟು ಓಗೋನು ನೀನೇ ಏನ್ಲಾ?"

"ಇಲ್ಲ ಸಾ, ಈ ಸಲ ಇರ್ತೀನಿ."

"ಮಾದಪ್ಪಂಗೂ ಇಂಗೇ ಏಳ್ದಾ?"

ಅವರು ಕನ್ನಡಿಯ ಪಕ್ಕ ಒಂದು ಬಾಚಣಿಗೆ ನೇತುಹಾಕಿದರು. "ಇದು ಬೇಕಾದ ದಿನ ಏಳು. ಅವತ್ತು ಪೂರಾ ಒಂದು ಮೋಟ್ರು ನಿನ್ ಕೈಗೆ ಕೊಡ್ತೀನಿ. ಅಲ್ಲೀಗಂಟ ಬಿಚ್ತಾ ಇರು."

ಐದು ತಿಂಗಳು ಬಿಚ್ಚಿದೆ. ಎಷ್ಟು ವಿಡಿಯೊ ನೋಡಿದರೂ ತಂತಿಯ ಬಿಗಿ ಬೆರಳಿಗೆ ಹತ್ತಲಿಲ್ಲ. ಎಲ್ಲವೂ ಗೊತ್ತಾಯಿತು ಅನ್ನಿಸದ ಮೊದಲ ಕೆಲಸ ಇದು. ಅದಕ್ಕೇ ಓಡಿಹೋಗಬೇಕು ಅನ್ನಿಸುತ್ತಿತ್ತು. ಸರಿಯಾಗಿ ಆಗಲೇ ಯಳಂದೂರಿನಿಂದ ಫೋನು: ಸೋಲಾರ್ ಬೇಲಿ ಹಾಕುವ ಕೆಲಸ, ಟೀಶರ್ಟು, ಕೊರಳಿಗೆ ಕಾರ್ಡು. ಕಾರ್ಡಿನ ಮೇಲೆ 'ಫೀಲ್ಡ್ ಎಂಜಿನಿಯರ್' ಅಂತ ಇರುತ್ತದಂತೆ. ನಾನು ಐಟಿಐ ಬಾಗಿಲನ್ನೂ ತುಳಿದವನಲ್ಲ. ಮನೆಗೆ ಬರುವಷ್ಟರಲ್ಲಿ ಕೊರಳು ತಾನಾಗಿ ನೆಟ್ಟಗಾಗಿತ್ತು.

"ಅವ್ವ, ಅರಕೆ ಕಟ್ಕೊ."

"ಕಟ್ಕಂಡಾಗದೆ ಕಣ್ಲಾ."

"ಇಷ್ಟ್ ಬೇಗ್ನಾ? ನಿಂಗ್ಯಾರು ಏಳುದ್ರು?"

"ಯಾರ್ಯಾಕೆ ಏಳ್ಬೇಕು? ನೀನು ಈಗಿರೋ ಅಂಗ್ಡೀಲೇ ಒಂದ್ ವರ್ಸ ಇದ್ರೆ ಈ ಸಲ ನಾನೇ ಮುಡಿ ಕೊಡ್ತೀನಿ ಅಂತ."

ಅವ್ವನ ಜಡೆ ಸೊಂಟಕ್ಕಿಂತ ಕೆಳಗಿದೆ. ನಾನು ಯಳಂದೂರಿಗೆ ಹೋದರೆ ಜಡೆ ಉಳಿಯುತ್ತದೆ ಎಂಬ ಒಳ್ಳೆಯ ನೆಪವೂ ಹೊಳೆಯಿತು. ಆದರೂ ಯಳಂದೂರಿಗೆ ಫೋನು ಮಾಡಿ ಬರುವುದಿಲ್ಲ ಅಂದೆ.

ಮರುದಿನ ಅಂಗಡಿಯಲ್ಲಿ ಬಾಚಣಿಗೆ ತೆಗೆದು ತಲೆ ಬಾಚಿಕೊಂಡೆ. ಮಾಲೀಕರು ಅಜ್ಜೀಪುರದಿಂದ ಬಂದಿದ್ದ ಮೋಟರೊಂದನ್ನು ನನ್ನ ಮುಂದಿಟ್ಟರು. ಎರಡು ಸಲ ಸುತ್ತಿದೆ, ಎರಡು ಸಲವೂ ಬಿಚ್ಚಿಸಿದರು. ಮೂರನೆಯ ಸಲ ಸುತ್ತಿದ್ದು ಈಗ ಅಜ್ಜೀಪುರದಲ್ಲಿ ನೀರೆತ್ತುತ್ತಿದೆ.

ವರ್ಷಕ್ಕೆ ಇನ್ನೂ ಆರು ತಿಂಗಳಿದೆ. ಅವ್ವ ಮಾತ್ರ ಮೊನ್ನೆ ಸಂತೆಯಲ್ಲಿ ತನ್ನ ಜಡೆಗೆ ವರ್ಷವಿಡೀ ಸಾಲುವಷ್ಟು ಎಣ್ಣೆಯ ದೊಡ್ಡ ಬಾಟಲಿಯನ್ನೇ ತಂದಿದ್ದಾಳೆ.