ಮೇಲಿನ ಕಂಬ, ಕೆಳಗಿನ ಕಂಬ

ನನ್ನ ತವರು ತೀರ್ಥಹಳ್ಳಿ ತಾಲ್ಲೂಕು, ಕೋಣಂದೂರಿನ ಹತ್ತಿರ. ಸೇರಿದ ಮನೆ ಸಾಗರ ಪೇಟೆಯಲ್ಲಿ. ನೌಕರಿ ಹೊಸನಗರ ತಾಲ್ಲೂಕಿನ ಒಂದು ಮಿಡ್ಲ್ ಸ್ಕೂಲಿನಲ್ಲಿ. ಮೂರೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಹಿಂದೆ ಓಡಿದ್ದೇನೆ ಎನ್ನುವುದು ಬಿಟ್ಟರೆ ನನಗೂ ಓಟಕ್ಕೂ ಯಾವ ಸಂಬಂಧವೂ ಇಲ್ಲ. ಹಾಗಿದ್ದೂ ಹೆಣ್ಣುಮಕ್ಕಳ ಖೋ ಖೋ ತಂಡವನ್ನು ತಯಾರು ಮಾಡುವ ಕೆಲಸ ನನ್ನ ತಲೆಗೇ ಬಂತು. ನಮ್ಮಲ್ಲಿ ದೈಹಿಕ ಶಿಕ್ಷಕರಿಲ್ಲ. ಇದ್ದವರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನು ಕಳಿಸಬೇಕು ಎನ್ನುವುದನ್ನೇ ಎಲ್ಲರೂ ಮರೆತಿದ್ದಾರೆ. ಗಣಿತದ ಮೇಷ್ಟ್ರಿಗೆ ಮಂಡಿನೋವು, ವಿಜ್ಞಾನದವರಿಗೆ ಬಿ.ಪಿ., ಹೆಡ್‌ಮಾಸ್ಟ್ರಿಗೆ ಹೆಡ್‌ಮಾಸ್ಟರಿಕೆಯೇ ದೊಡ್ಡ ಕಾಯಿಲೆ.

"ನೀವು ಕನ್ನಡ ಟೀಚರ್ ಅಲ್ವಾ ಮೇಡಂ, ಖೋ ಖೋ ನಮ್ಮ ಮಣ್ಣಿನ ಆಟ. ನಿಮ್ಗೇ ಸರಿ ಹೋಗ್ತದೆ" ಎಂದರು ಹೆಡ್‌ಮಾಸ್ಟ್ರು.

ಕನ್ನಡ ಪಾಠ ಮಾಡಲು ನೌಕರಿಗೆ ಸೇರಿದವಳು ನಾನು. ಆದರೆ ಪಾಠ ಮಾಡಿದೆಯಾ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಮಕ್ಕಳು ಶೂ ಹಾಕಿದ ಫೋಟೋ ಬಂತಾ, ಗಿಡ ನೆಟ್ಟ ಫೋಟೋ ಬಂತಾ, ಮೊಟ್ಟೆ ತಿನ್ನುವ ಫೋಟೋ ಬಂತಾ ಎಂದು ಇಲಾಖೆಯವರು ಕೇಳುತ್ತಾರೆ. ನೆಟ್‌ವರ್ಕ್ ಸಿಗುವುದು ಶಾಲೆಯ ಹಿಂದಿನ ಎತ್ತರದ ಮಣ್ಣಿನ ದರೆ ಹತ್ತಿ ನಿಂತರೆ ಮಾತ್ರ. ಸೀರೆ ಎತ್ತಿ ಹಿಡಿದು, ಮೊಬೈಲನ್ನು ತಲೆಯ ಮೇಲೆ ಹಿಡಿದು ನಿಲ್ಲಬೇಕು. ಒಮ್ಮೆ ಹಾಗೆ ಕಳಿಸಿದ ಮೊಟ್ಟೆಯ ಫೋಟೋ ವಾಪಸ್ ಬಂತು. ಮುಂದಿನ ಸಾಲಿನ ಹುಡುಗ ಬಾಯಿ ಮುಚ್ಚಿದ್ದಾನೆ, ತಿನ್ನುತ್ತಿರುವುದು ಸ್ಪಷ್ಟವಾಗಿಲ್ಲ ಎಂದು. ಆ ಹೊತ್ತಿಗೆ ಅವನು ಮೊಟ್ಟೆ ತಿಂದು, ಕೈ ತೊಳೆದು, ಮನೆಗೂ ಹೋಗಿಯಾಗಿತ್ತು. ಮರುದಿನ ಮೊಟ್ಟೆ ಇಲ್ಲದ್ದಕ್ಕೆ ಅವನಿಗೆ ಬಾಳೆಹಣ್ಣು ಕೊಟ್ಟು, ಫೋಟೋಕ್ಕೆ ಬಾಯಿ ಅಗಲಿಸಲು ಹೇಳಿದರೆ, "ಟೀಚರ್, ಹಲ್ಲು ನೋಡೂಕಾ?" ಎಂದು ಕೇಳಿದ.

ಇನ್ನು ನಮ್ಮ ಮೈದಾನ. ಅದನ್ನು ಮೈದಾನ ಎಂದು ಕರೆದವರು ಯಾರೋ ಗೊತ್ತಿಲ್ಲ, ಅದು ಗುಡ್ಡದ ಒಂದು ಮಗ್ಗುಲು. ಮೇಲಿನ ತುದಿಯಲ್ಲಿ ನಿಂತವಳಿಗೆ ಕೆಳಗಿನ ತುದಿಯಲ್ಲಿ ನಿಂತವಳ ನೆತ್ತಿ ಕಾಣುತ್ತದೆ. ಚೆಂಡು ಜಾರಿದರೆ ಕೆಳಗಿನ ಗದ್ದೆಯ ಪಾಲು. ಹಾಗಾಗಿ ಉರುಳುವ ವಸ್ತು ಇರುವ ಯಾವ ಆಟವೂ ನಮ್ಮಲ್ಲಿಲ್ಲ. ಕ್ರಿಕೆಟ್ಟಿಲ್ಲ, ವಾಲಿಬಾಲಿಲ್ಲ. ಕುಂಟಾಬಿಲ್ಲೆ, ಕಬಡ್ಡಿ, ಖೋ ಖೋ, ಅಷ್ಟೇ. ಕಬಡ್ಡಿಯಲ್ಲೂ ಮೇಲಿನ ಅರ್ಧ ಸಿಕ್ಕವರೇ ಗೆಲ್ಲುವುದು.

ಈ ಮೈದಾನವನ್ನು ಮಟ್ಟ ಮಾಡಿಸಿಕೊಡಿ ಎಂದು ಇಲಾಖೆಯನ್ನು ಕೇಳಿದ್ದೆವು. ಫೋಟೋ ಕಳಿಸಿ ಎಂದರು. ತೆಗೆದವರು ವಿಜ್ಞಾನದ ಮೇಷ್ಟ್ರು. ಅವರಿಗೆ ಎಲ್ಲವೂ ಓರಣವಾಗಿರಬೇಕು. ಫೋಟೋದಲ್ಲಿ ನೆಲ ಓರೆಯಾಗಿ ಕಾಣುತ್ತದಲ್ಲ ಎಂದು ಬೇಸರವಾಗಿ, ಮೊಬೈಲಿನಲ್ಲೇ ಅದನ್ನು ತಿರುಗಿಸಿ, ನೆಲ ಮಟ್ಟಸವಾಗಿ ಕಾಣುವ ಹಾಗೆ ಮಾಡಿ ಕಳಿಸಿದರು. ನೆಲವೇನೋ ಮಟ್ಟಸವಾಯಿತು, ಅದರ ಮೇಲೆ ನಿಂತ ಧ್ವಜಕಂಬ ಓರೆಯಾಯಿತು. ಸ್ವಲ್ಪ ದಿನಕ್ಕೆ ಉತ್ತರ ಬಂತು. ಮೈದಾನ ಸಮತಟ್ಟಾಗಿದ್ದು ಯಾವುದೇ ಕಾಮಗಾರಿಯ ಅಗತ್ಯವಿರುವುದಿಲ್ಲ, ಧ್ವಜಕಂಬ ವಾಲಿದ್ದು ಅದನ್ನು ಕೂಡಲೇ ಸರಿಪಡಿಸತಕ್ಕದ್ದು. ಹಿಂದೆಯೇ ಒಬ್ಬ ಗಾರೆ ಕೆಲಸದವನನ್ನೂ ಕಳಿಸಿಕೊಟ್ಟರು. ಅವನು ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ಸುತ್ತಲೂ ನೋಡಿ, "ನೆಟ್ಗೇ ಐತಲ್ರೀ ಮೇಡಂ, ಇದನ್ನ ಎಂತ ಮಾಡೂದು?" ಎಂದ. ಬಂದ ತಪ್ಪಿಗೆ ಕಂಬಕ್ಕೆ ಬಣ್ಣ ಬಳಿದು, ಚಾ ಕುಡಿದು ಹೋದ. ಕಾಮಗಾರಿ ಮುಗಿದಿದೆ ಎಂದು ಅದರದ್ದೂ ಒಂದು ಫೋಟೋ ಕಳಿಸಿದೆವು.

ಇಂಥ ನೆಲದ ಮೇಲೆ ನಮ್ಮ ಹುಡುಗಿಯರು ತಮ್ಮದೇ ಒಂದು ಖೋ ಖೋ ಕಟ್ಟಿಕೊಂಡಿದ್ದರು. ಎರಡು ಕಂಬದ ನಡುವೆ ಸಾಲಾಗಿ ಕೂತವರಲ್ಲಿ ಎದ್ದವಳು ಒಂದು ದಿಕ್ಕು ಹಿಡಿದಳೆಂದರೆ ಆ ಕಂಬ ಮುಟ್ಟುವ ತನಕ ತಿರುಗುವ ಹಾಗಿಲ್ಲ, ಅದು ಆಟದ ನಿಯಮ. ನಮ್ಮಲ್ಲಿ ಒಂದು ಮೇಲಿನ ಕಂಬ, ಇನ್ನೊಂದು ಕೆಳಗಿನ ಕಂಬ. ಆದ್ದರಿಂದ ತಂಡದಲ್ಲೇ ಏರಿನವರು, ಇಳಿತದವರು ಎಂದು ಭಾಗವಾಗಿತ್ತು. ಇಳಿತದವರು ಹಿಮ್ಮಡಿ ಊರಿ, ಬೆನ್ನು ಹಿಂದಕ್ಕೆ ವಾಲಿಸಿ, ಬ್ರೇಕ್ ಹಾಕುತ್ತಲೇ ಓಡುತ್ತಿದ್ದರು. ಏರಿಗೆ ಮಾತ್ರ ಏಳನೇ ಕ್ಲಾಸಿನ ಒಬ್ಬಳೇ. ನೆಲಕ್ಕೆ ಕೈ ತಾಗುತ್ತದೇನೋ ಎನ್ನುವಷ್ಟು ಮುಂದಕ್ಕೆ ಬಾಗಿ ಅವಳು ಗುಡ್ಡ ಹತ್ತಿ ಬೆನ್ನಟ್ಟುವುದನ್ನು ನೋಡಿದರೆ ಆಟದ ಗಂಧವಿಲ್ಲದ ನನಗೂ ಮೈ ಜುಮ್ಮೆನ್ನುತ್ತಿತ್ತು.

ಅವಳ ಅಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಹೈಸ್ಕೂಲು ದೂರ, ಬಸ್ಸು ಬಂದರೆ ಬಂತು. ಇವಳ ಗತಿಯೂ ಅದೇ ಎಂದು ಗೊತ್ತಾಗಿ ನಾನು ಅವರ ಮನೆಗೆ ಹೋಗಿದ್ದೆ. ಅಪ್ಪ ಪಿಕಪ್ ಗಾಡಿ ಓಡಿಸುವವನು, ಒರಟನಲ್ಲ. "ಓಟದ ಹಾಸ್ಟೆಲ್ ಅಂತಾರಲ್ಲ ಟೀಚರ್, ಅದ್ರಲ್ಲಿ ಸೀಟು ಸಿಕ್ರೆ ಹೋಗ್ಲಿ, ಬ್ಯಾಡ ಅನ್ನಲ್ಲ. ಇಲ್ಲಾಂದ್ರೆ ಕಾರ್ಗಲ್ಲಲ್ಲಿ ನನ್ನ ನಾದಿನಿ ಅದಾಳೆ. ಅವಳ ಕೂಸು ನೋಡ್ಕೊಂಡು ಅಲ್ಲೇ ಇರ್ಲಿ" ಎಂದ. ಕ್ರೀಡಾ ಹಾಸ್ಟೆಲಿನ ತರಬೇತುದಾರರು ತಾಲ್ಲೂಕು ಮಟ್ಟದ ಆಟಕ್ಕೆ ಬಂದು ಮುಂದಿನ ವರ್ಷಕ್ಕೆ ಮಕ್ಕಳನ್ನು ಆರಿಸುತ್ತಾರೆ ಎಂದು ಕೇಳಿದ್ದೆ. ಹುಡುಗಿಯ ಎಂಟನೇ ಕ್ಲಾಸು ಅಷ್ಟರ ಮೇಲೆ ನಿಂತಿತ್ತು. ಹನ್ನೆರಡು ವರ್ಷದ ಹುಡುಗಿ ಓದಬೇಕಾದರೆ ಮೊದಲು ಓಡಿ ಗೆಲ್ಲಬೇಕು. ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಆದರೂ ಮರುದಿನದಿಂದ ಸೀಟಿ ಕಟ್ಟಿಕೊಂಡು ಮೈದಾನಕ್ಕಿಳಿದೆ.

ಒಂದು ಶನಿವಾರ, ತಾಲ್ಲೂಕು ಮಟ್ಟದ ಆಟಕ್ಕೆಂದು, ಹೊಸನಗರದ ಆಟದ ಬಯಲಿಗೆ ಅವಳ ಅಪ್ಪನ ಗಾಡಿಯಲ್ಲೇ ಹೋದೆವು. ನಮ್ಮ ಎದುರಾಳಿ ಪೇಟೆಯ ಒಂದು ಶಾಲೆ. ಅವರಿಗೆ ಬಣ್ಣದ ಬಟ್ಟೆ, ಬೂಟು, ಕಪ್ಪು ಕನ್ನಡಕದ ಮೇಷ್ಟ್ರು. ನಮ್ಮ ಹುಡುಗಿಯರು ಬಯಲಿಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ಬೂಟು ನೋಡಿ ಹೆದರಿದರೇನೋ ಎಂದುಕೊಂಡೆ. ಏರಿನ ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಟೀಚರ್, ಇದ್ರಲ್ಲಿ ಮೇಲಿನ ಕಂಬ ಯಾವ್ದು?"

"ಇಲ್ಲಿ ಮೇಲೆ ಕೆಳಗೆ ಇಲ್ಲ ಕಣೇ. ಎಲ್ಲ ಒಂದೇ."

ಎಲ್ಲರೂ ನನ್ನ ಮುಖ ನೋಡಿದರು. ಹಾಗಾದ್ರೆ ಯಾರು ಎಲ್ಲಿ ಕೂರೂದು ಎಂದು ಒಬ್ಬಳು ಕೇಳಿದಳು.

ಆಟ ಶುರುವಾಯಿತು. ಏರಿನವಳು ಅಭ್ಯಾಸದಂತೆ ಮುಂದಕ್ಕೆ ಬಾಗಿ ನುಗ್ಗಿದಳು. ಎದುರಿಗೆ ಗುಡ್ಡವಿಲ್ಲ, ನೇರ ಮುಖ ಅಡಿಯಾಗಿ ಬಿದ್ದಳು. ಇಳಿತದವರು ಹಿಮ್ಮಡಿ ಊರಿ ಹಿಂದಕ್ಕೆ ವಾಲಿ ಓಡಿದರು, ಪೇಟೆಯ ಹುಡುಗಿಯರು ಅವರ ಮುಂದೆ ನಡೆದುಕೊಂಡೇ ತಪ್ಪಿಸಿಕೊಂಡರು. ಶಾಮಿಯಾನದಡಿ ಮೈಕು ಹಿಡಿದವನಿಗೆ ಅದೊಂದು ತಮಾಷೆ. "ಹಳ್ಳಿಯ ತಂಡದವರು ಇನ್ನೂ ಬಸ್ಸಿನಿಂದ ಇಳಿದ ಹಾಗೆ ಕಾಣೋದಿಲ್ಲ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಕುರ್ಚಿಯಲ್ಲಿ ಕೂತ ಮೇಷ್ಟ್ರುಗಳೂ ನಕ್ಕರು. ಮೇಷ್ಟ್ರುಗಳು ನಕ್ಕಿದ್ದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ.

ಬಿಡುವಿನಲ್ಲಿ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು, ಹುಟ್ಟಾ ಕ್ರೀಡಾಪಟುವಿನ ಧೋರಣೆಯಲ್ಲಿ ಹೇಳಿದೆ, "ನಾನು ಈಗ ಸರಿಯಾಗಿ ನೋಡ್ದೆ. ನೀರಿನ ಟ್ಯಾಂಕಿನ ಕಡೆದು ಮೇಲಿನ ಕಂಬ. ಏರು ಭಾಳ ಕಮ್ಮಿ, ಅದ್ಕೇ ಬಾಗೋದೂ ಕಮ್ಮಿ ಸಾಕು."

ಅವರ ಮುಖದಲ್ಲಿ ಕಳೆ ಬಂತು. ಯಾರು ಎಲ್ಲಿ ಕೂರಬೇಕೆಂದು ತಾವೇ ಗುಸುಗುಸು ಮಾಡಿಕೊಂಡು ಕೂತರು. ಆಮೇಲೆ ಆಡಿದ್ದು ಬೇರೆಯದೇ ತಂಡ. ಟ್ಯಾಂಕಿನ ಕಡೆಗೆ ಓಡಿದವರನ್ನೆಲ್ಲ ಏರಿನವಳು ಹಿಡಿದು ಹಾಕಿದಳು. ಮೈಕಿನವನ ಬಾಯಿ ಬಂದಾಯಿತು. ಆದರೂ ಮೊದಲು ಬಿಟ್ಟುಕೊಟ್ಟದ್ದು ಜಾಸ್ತಿಯಾಗಿತ್ತು, ಸೋತೆವು.

ಹಾಸ್ಟೆಲಿನ ತರಬೇತುದಾರರನ್ನು ನಾನೇ ಹುಡುಕಿಕೊಂಡು ಹೋದೆ. "ಹುಡುಗಿ ಚುರುಕಿದ್ದಾಳೆ. ಆದ್ರೆ ಓಡೋ ರೀತಿನೇ ತಪ್ಪು ಮೇಡಂ, ಬೀಳೋ ಹಂಗೆ ಬಾಗ್ತಾಳೆ. ಯಾರು ಕಲಿಸಿದ್ದು ಇದನ್ನ?" ಎಂದರು.

"ಗುಡ್ಡ" ಎಂದೆ.

ಆಮೇಲೆ ನನ್ನ ಬಾಯಿಗೆ ಲಗಾಮಿರಲಿಲ್ಲ. ನಮ್ಮ ಮೈದಾನದ ಕತೆ, ಬಣ್ಣ ಬಳಿದ ಧ್ವಜಕಂಬದ ಕತೆ, ಇಲ್ಲದ ದೈಹಿಕ ಶಿಕ್ಷಕರ ಕತೆ, ಎಲ್ಲವನ್ನೂ ಅವರ ಮೇಲೆ ಸುರಿದೆ. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ, ಪಾಪ. ಎದುರಿಗೆ ಸಿಕ್ಕಿದ್ದು ಅವರು. ನನ್ನಿಂದ ತಪ್ಪಿಸಿಕೊಂಡರೆ ಸಾಕು ಎಂದೋ ಏನೋ, "ಮುಂದಿನ ಶನಿವಾರ ಸಾಗರದಲ್ಲಿ ಆಯ್ಕೆ ಇದೆ, ಅಲ್ಲಿಗೆ ಕರ್ಕೊಂಡು ಬನ್ನಿ. ಅಷ್ಟರಲ್ಲಿ ಮಟ್ಟಸ ಜಾಗದಲ್ಲಿ ಓಡಿಸಿ" ಎಂದರು. ಈ ಮಾತನ್ನು ಅವಳ ಅಪ್ಪನಿಗೂ ತಿಳಿಸಬೇಕೆಂದರೆ ಅವನು ಅಡಿಕೆ ಮೂಟೆಯ ಬಾಡಿಗೆ ಸಿಕ್ಕಿತೆಂದು ಆಗಲೇ ಹೋಗಿಯಾಗಿತ್ತು. ಮಕ್ಕಳನ್ನು ಬಸ್ಸಿನಲ್ಲಿ ಊರು ಮುಟ್ಟಿಸಿದೆ.

ಸೋಮವಾರ ಶಾಲೆಗೆ ಹೋದರೆ ಹುಡುಗಿ ಇಲ್ಲ. ಸೋತರು ಎಂಬ ಸುದ್ದಿಯಷ್ಟೇ ಅಪ್ಪನ ತಲೆಗೆ ಹೋಗಿತ್ತು ಎಂದರು ಉಳಿದ ಹುಡುಗಿಯರು. ಟೀಚರ್ ಇನ್ನೊಂದು ಆಯ್ಕೆ ಇದೆ ಅಂದ್ರು ಎಂದು ಮಗಳು ಹೇಳಿದ್ದನ್ನು ಅವನು ನಂಬಿರಲಿಲ್ಲ. ಭಾನುವಾರವೇ ಕಾರ್ಗಲ್ಲಿಗೆ ಬಿಟ್ಟು ಬಂದಿದ್ದ. ವರ್ಷದ ನಡುವೆ ಮಗುವನ್ನು ಶಾಲೆಯಿಂದ ಎಬ್ಬಿಸಿಕೊಂಡು ಹೋಗುವುದೆಂದರೇನು? ಹೆಡ್‌ಮಾಸ್ಟ್ರಿಗೆ ಹೇಳಿದರೆ, "ನಾಲ್ಕು ದಿನ ನೋಡುವ ಮೇಡಂ, ಬಂದ್ರೂ ಬರ್ಬಹುದು" ಎಂದರು. ಹಾಜರಿ ಕಮ್ಮಿಯಾದದ್ದಷ್ಟೇ ಅವರ ಚಿಂತೆ. ಅಪ್ಪನ ಫೋನು ಸಿಗಲಿಲ್ಲ. ಶುಕ್ರವಾರ ರಜೆ ಹಾಕಿ ಸಾಗರದಿಂದ ಕಾರ್ಗಲ್ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಆ ನಾದಿನಿಗೆ, ಅಂದರೆ ಹುಡುಗಿಯ ಚಿಕ್ಕಮ್ಮನಿಗೆ, ಏನೇನು ಹೇಳಬೇಕೆಂದು ಜೋಡಿಸಿಕೊಂಡೆ. ಮಕ್ಕಳ ಹಕ್ಕು, ಕಾನೂನು, ಪೊಲೀಸು, ಯಾವುದನ್ನೂ ಬಿಟ್ಟಿರಲಿಲ್ಲ. ಸಾಲುಮನೆಗಳ ಮುಂದಿನ ರಸ್ತೆಯಲ್ಲಿ ನನ್ನ ಹುಡುಗಿ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಳು. ಕೂಸು ಕೇಕೆ ಹಾಕುತ್ತಿತ್ತು. ನನ್ನನ್ನು ಕಂಡವಳು ತಪ್ಪು ಮಾಡಿದವಳ ಹಾಗೆ ನಿಂತಳು.

ಒಳಗಿನಿಂದ ಬಂದ ಚಿಕ್ಕಮ್ಮನನ್ನು ನೋಡಿ ನಾನು ಜೋಡಿಸಿಕೊಂಡಿದ್ದೆಲ್ಲ ಕಲಸಿಹೋಯಿತು. ಅವಳಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. "ಕೂತ್ಕಳಿ ಟೀಚರ್" ಎಂದು ಕುರ್ಚಿ ಒರೆಸಿ, ಕಾಫಿ ಕೊಟ್ಟು, ತಾನು ಹೊಸಿಲ ಮೇಲೆ ಕೂತಳು. ಅವಳಿಗೆ ಅಲ್ಲೇ ಒಂದು ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರದಿಂದ ಹೋಗಬೇಕು. ಮದುವೆಯಾದ ಮೇಲೆ ಸಿಕ್ಕ ಮೊದಲ ಕೆಲಸ. "ನಂದೂ ಏಳ್ನೇ ಕ್ಲಾಸೇ ಟೀಚರ್. ನಂಗ್ ಮಾತ್ರ ಯಾರೂ ಹುಡಿಕ್ಕೊಂಡು ಬರ್ಲಿಲ್ಲ" ಎಂದಳು. ದೂರಿದ ಹಾಗೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದಳು.

"ನಾಳೆ ಒಂದು ದಿನ ಕಳ್ಸಿ" ಎಂದೆ.

"ಒಂದ್ ದಿನ ಅಂತ ಹೋದವ್ಳು ವಾಪಸ್ ಬರ್ತಾಳಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬರಬಾರ್ದು ಅಂತಲೇ ನಾನು ಬಂದಿರೋದು" ಎಂದೆ.

ಅವಳು ಎದ್ದು ಹುಡುಗಿಯ ಸೊಂಟದಿಂದ ಕೂಸನ್ನು ತೆಗೆದುಕೊಂಡು, "ಹೋಗು, ಬಟ್ಟೆ ತುಂಬ್ಕ" ಎಂದಳು. ಹುಡುಗಿ, "ಪಾಪು ಯಾರು ನೋಡ್ಕಂತಾರೆ ಚಿಕ್ಕಮ್ಮ?" ಎಂದು ಕೇಳಿದಳು. "ಹೆತ್ತವಳು ನಾನಲ್ವೇನೆ" ಎಂದಳು ಚಿಕ್ಕಮ್ಮ.

ಮರುದಿನ ಸಾಗರದ ಬಯಲಿನಲ್ಲಿ ಹುಡುಗಿ ಮೇಲೂ ಕೆಳಗೂ ಕೇಳಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿದಳು, ಆಯ್ಕೆಯಾದಳು. ಅವಳ ಅಪ್ಪ ಮಾತು ಉಳಿಸಿಕೊಂಡ, ಮರುಮಾತಾಡದೆ ಒಪ್ಪಿದ. ಶಾಲೆಯಲ್ಲಿ ಸಣ್ಣ ಸಮಾರಂಭವಾಯಿತು. ತರಬೇತಿ ಕೊಟ್ಟದ್ದಕ್ಕೆ ಹೆಡ್‌ಮಾಸ್ಟ್ರಿಗೆ ಶಾಲು ಹೊದೆಸಿದರು. ಅವರು ಸಂಕೋಚವಿಲ್ಲದೆ ಹೊದ್ದುಕೊಂಡರು. ಶಾಲು ಹೊದೆಸುವ ಫೋಟೋವನ್ನು ದರೆ ಹತ್ತಿ ಕಳಿಸಿದವಳು ನಾನು. ಆವತ್ತು ಆ ದರೆಯ ಮೇಲೆ ನಿಂತು ಏನೆಂದು ಬೈದುಕೊಂಡೆ ಎನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹುಡುಗಿ ಹಾಸ್ಟೆಲ್ ಸೇರಿ ಕೆಲವು ತಿಂಗಳಾಗಿತ್ತು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಆ ಚಿಕ್ಕಮ್ಮ ಸಿಕ್ಕಿದಳು. ಕೂಸು ಈಗ ಕೈ ಹಿಡಿದು ನಡೆಯುತ್ತಿತ್ತು. ಹುಡುಗಿ ಹೇಗಿದ್ದಾಳೆ, ಬೂಟು ಕೊಟ್ಟಿದ್ದಾರಾ, ಊಟ ಸರಿ ಇದ್ಯಾ ಎಂದು ಒಂದೊಂದನ್ನೇ ಬಿಡಿಸಿ ಕೇಳಿದಳು. ನಾನು ಕ್ಯಾಂಟೀನಿನ ಕೆಲಸದ ಬಗ್ಗೆ ಕೇಳಿದೆ.

"ಅದಕ್ಕೆ ಹೋಗ್ಲೇ ಇಲ್ಲ ಟೀಚರ್. ಕೂಸು ಬಿಟ್ಟು ಹೆಂಗೆ ಹೋಗ್ಲಿ? ಬೇರೆಯವ್ರು ಸೇರಿದ್ರು." ನಗುತ್ತಾ ಕೇಳಿದಳು, "ನನ್ನಂಥವ್ರನ್ನ ಸೇರಿಸ್ಕೊಳ್ಳೋ ಹಾಸ್ಟೆಲ್ ಎಲ್ಲಾದ್ರೂ ಇದ್ರೆ ಹೇಳಿ ಟೀಚರ್, ನಾನೂ ಚೆನ್ನಾಗೇ ಓಡ್ತಿದ್ದೆ."

ಅವಳ ಬಸ್ಸು ಬಂತು, ಕೂಸನ್ನೆತ್ತಿಕೊಂಡು ಹತ್ತಿದಳು. ನಾನು ಮನೆಗೆ ಬಂದು ಚಾ ತಣ್ಣಗಿದೆ ಎಂದು ಯಜಮಾನರ ಮೇಲೆ ಕೂಗಾಡಿದೆ. ಅವರು ಪಾಪ, ನಾನು ಬರುತ್ತೇನೆಂದು ಮೊದಲೇ ಮಾಡಿಟ್ಟಿದ್ದರು. ಬೇರೆ ಯಾರ ಮೇಲೆ ಕೂಗಾಡಬೇಕಿತ್ತೋ ನನಗೆ ತಿಳಿಯಲಿಲ್ಲ.