ಚೀಟಿ ಕಿತ್ತ ಮೂಳೆಗಳು

ಸರ್ಕಾರಿ ಹೈಸ್ಕೂಲಿನ ಪ್ರಯೋಗಶಾಲೆಯ ಅಟೆಂಡರನ್ನು ಮಕ್ಕಳು ಮೂಳೆ ಮಾಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅವನು ಮಾಡಿದ್ದೂ ಅದನ್ನೇ. ಸತ್ತ ಬಾವಲಿಯೋ ಬೆಕ್ಕೋ ಸಿಕ್ಕರೆ ಕುದಿಸಿ, ಒಣಗಿಸಿ, ತೆಳು ತಂತಿಯಲ್ಲಿ ಮೂಳೆಗೆ ಮೂಳೆ ಕಟ್ಟಿ, ಪ್ರಯೋಗಶಾಲೆಯ ಪೆಟ್ಟಿಗೆಯಲ್ಲಿ ಜೋಡಿಸಿಡುವುದು. ಹೆಂಡತಿ ಮೂಗು ಮುರಿದರೂ ಅವನಿಗೆ ಆ ಪೆಟ್ಟಿಗೆಯೆಂದರೆ ಜೀವ. ಓದಿದ್ದು ಏಳನೇ ಕ್ಲಾಸು. ಆದರೆ ರೆಕ್ಕೆಯಾಗಲಿ ಕಾಲಾಗಲಿ, ಮೇಲೆ ಒಂದು ಮೂಳೆ, ಕೆಳಗೆ ಎರಡು, ತುದಿಗೆ ಐದರ ಸಾಲು ಎಂಬುದು ಅವನ ಬೆರಳುಗಳಿಗೆ ಬಾಯಿಪಾಠವಾಗಿತ್ತು.

ಈ ವರ್ಷ ಜೀವವಿಕಾಸದ ಪಾಠ ಬೇಡವೆಂದು ತಕರಾರು ಎದ್ದಿತು. ಬೇರೆ ಯಾರಾದರೂ ಎಬ್ಬಿಸಿದ್ದರೆ ಮಾಮ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಎಬ್ಬಿಸಿದ್ದು ಪೋಷಕರ ಸಮಿತಿಯ ಅಧ್ಯಕ್ಷ, ಅವನ ಒಡಹುಟ್ಟಿದ ಅಣ್ಣ. ಅಪ್ಪ ಸತ್ತ ಮೇಲೆ ಹೊಲಿಗೆ ಮೆಷಿನ್ ತುಳಿದು ತಮ್ಮನನ್ನು ಸಾಕಿ, ಅವರಿವರ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದ ದರ್ಜಿ.

"ಮನುಷ್ಯನ್ನ ಪ್ರಾಣಿ ಸಾಲಲ್ಲಿ ನಿಲ್ಲಿಸ್ತಾರಂತೆ! ದೇವರು ನಮ್ಮದು ಬೇರೆನೇ ಅಳತೆ ತಗೊಂಡಿದಾನೆ ಕಣೋ," ಎಂದಿದ್ದ ಅಣ್ಣ.

ತೀರ್ಮಾನವಾಗುವವರೆಗೆ ಮೂಳೆಗಳ ಹೆಸರಿನ ಚೀಟಿ ಕೀಳಬೇಕೆಂದು ಹೆಡ್‌ಮಾಸ್ಟರರ ಅಪ್ಪಣೆಯಾಯಿತು. ಪಾಠ ಹೋದರೆ ಪೆಟ್ಟಿಗೆ ಗುಜರಿಗೆ. ಮಾಮ ಬ್ಲೇಡಿನಿಂದ ಒಂದೊಂದೇ ಚೀಟಿ ಕೆರೆದ. ಆಮೇಲೆ ಎರಡು ವಾರ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬೀಗ ಹಾಕಿ ಗೇಟಿನವರೆಗೆ ಹೋಗುವುದು, ಹಾಕಿದೆನೋ ಇಲ್ಲವೋ ಎಂದು ವಾಪಸು ಬರುವುದು. ಅಣ್ಣನನ್ನು ಕಂಡರೆ ಅಳು, ಪೆಟ್ಟಿಗೆ ಕಂಡರೂ ಅಳು.

ತೀರ್ಮಾನಕ್ಕೆಂದು ಕರೆದ ಪೋಷಕರ ಸಭೆಯಲ್ಲಿ ವಿಜ್ಞಾನದ ಮೇಡಂ ಪೆಟ್ಟಿಗೆ ತೆರೆಸಿದರು. "ಒಂದ್ಸಲ ಮುಟ್ಟಿ ನೋಡಿ, ಆಮೇಲೆ ಬೇಡ ಅನ್ನಿ."

"ನಲವತ್ತು ವರ್ಷ ತೋಳಿನ ಅಳತೆ ತೆಗೆದೋನು ನಾನು," ಎಂದು ಅಣ್ಣ ಎದ್ದ. "ಚೀಟಿ ಯಾಕೆ, ಕಣ್ಣಳತೆ ಸಾಕು." ಮನುಷ್ಯನದೊಂದು, ಪ್ರಾಣಿಯದೊಂದು ಎಂದು ಅಕ್ಕಪಕ್ಕ ಮಲಗಿಸಿದ್ದ ಎರಡು ಕೈಮೂಳೆಗಳಲ್ಲಿ ಒಂದನ್ನು ಎತ್ತಿ ಹಿಡಿದ. "ನೋಡ್ರಪ್ಪ, ಮನುಷ್ಯನ ಕೈ! ಯಾವ ಮೃಗಕ್ಕಿದೆ ಇಂಥದ್ದು?"

ಚಪ್ಪಾಳೆ ಬಿತ್ತು. ಚೀಟಿಯಿಲ್ಲದೆ ಅದು ಯಾವುದೆಂದು ಮೇಡಂಗೂ ಗೊತ್ತಾಗಲಿಲ್ಲ.

"ಹೇಳೋ, ಸರಿ ತಾನೇ?" ಎಂದ ಅಣ್ಣ, ತಮ್ಮನ ಕಡೆ ತಿರುಗಿ ನಗುತ್ತ.

ಅದು ಸರ್ಕಸ್ಸಿನಲ್ಲಿ ಸತ್ತ ಕರಡಿಯದು. ತುದಿಯ ಉಗುರಿನ ಮೂಳೆಗಳು ಸುಲಿದ ಚರ್ಮದ ಜೊತೆಗೇ ಹೋಗಿದ್ದರಿಂದ ಥೇಟ್ ಮನುಷ್ಯನ ಕೈಯಂತೆ ಕಾಣುತ್ತಿತ್ತು. ಹೂಂ ಎಂದರೆ ಅಣ್ಣ ಗೆದ್ದ, ಪೆಟ್ಟಿಗೆ ಹೋಯಿತು. ಮಾಮ ಒಂದು ಹೆಜ್ಜೆ ಮುಂದೆ ಬಂದ.

"ಅಣ್ಣಾ... ಅದು ಕರಡಿದು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವರ ಕಪಾಳಕ್ಕೆ ಬಾರಿಸಬೇಕೆನ್ನಿಸಿತು ಮಾಮನಿಗೆ. ಅಣ್ಣ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತನ್ನ ಎಡಗೈಯನ್ನು ಆ ಮೂಳೆಗಳ ಪಕ್ಕ ಬಿಡಿಸಿಟ್ಟು ಬೆರಳಿಗೆ ಬೆರಳು ಹೋಲಿಸಿ ನೋಡಿದ. ಆಮೇಲೆ ಕೂಸನ್ನು ಮಲಗಿಸುವವನಂತೆ ಅದನ್ನು ಪೆಟ್ಟಿಗೆಯಲ್ಲಿಟ್ಟ.

"ಚೀಟಿ ಅಂಟಿಸು," ಎಂದ. "ಇನ್ನೊಬ್ಬರು ಮೋಸ ಹೋಗ್ಬಾರ್ದು."

ಅಷ್ಟು ಹೇಳಿ ಮನೆಯ ಕಡೆ ನಡೆದ. ಅಣ್ಣತಮ್ಮಂದಿರು ದಿನಾ ಜೊತೆಯಲ್ಲೇ ನಡೆಯುತ್ತಿದ್ದ ದಾರಿ ಅದು. ಆ ದಿನ ಅಣ್ಣ ತಮ್ಮನಿಗಾಗಿ ಕಾಯಲಿಲ್ಲ.